ಮೂರು ಕೈ ಕಲೆಸಿದ ಹಿಟ್ಟಿಗೆ ಒಂದೇ ಹೆಸರು ಕೇಳಿದ ಸಾಹೇಬರಿಗೆ

ಹಳೇ ಹುಬ್ಬಳ್ಳಿ, ಜೂನ್ ೧೯೪೫

ನಮ್ಮ ವಾರ್ಡಿನ ಸಕ್ಕರೆ, ಗೋದಿ, ಸೀಮೆಎಣ್ಣೆಗಳ ಪಾಲಕರೂ, ತಕ್ಕಡಿಯ ಮುಳ್ಳನ್ನು ಕಣ್ಸನ್ನೆಯಿಂದಲೇ ನಿಲ್ಲಿಸಬಲ್ಲವರೂ, ನಾವು ಎಷ್ಟು ಉಂಡೆವೆಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರೂ ಆದ ರೇಶನ್ ಇನ್ಸ್‌ಪೆಕ್ಟರ್ ಸಾಹೇಬರ ಸನ್ನಿಧಿಗೆ.

ಮಾನ್ಯರೇ,

ಓಣಿಯ ರೇಣವ್ವ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಕಾಗದದ ಮೇಲೆಯೇ ಅಡ್ಡಬೀಳುತ್ತಿದ್ದೇನೆ, ಕ್ಷಮಿಸಬೇಕು. ಹೋದ ವಾರ ತಮ್ಮ ಕಚೇರಿಗೆ ಬಂದಾಗ ನನ್ನನ್ನು ಮೊದಲನೆಯ ಪಾವಟಿಗೆಯ ಕೆಳಗೇ ನಿಲ್ಲಿಸಿದ್ದರಿಂದ ಅಲ್ಲಿ ಅಡ್ಡಬೀಳಲು ಜಾಗ ಸಾಲಲಿಲ್ಲ. ಚಪ್ಪಲಿ ಹೊಲಿಯುವವರ ಮನೆಯವಳು ಎಷ್ಟು ಮೆಟ್ಟಿಲು ಏರಬಹುದೆಂಬುದಕ್ಕೂ ಸರಕಾರ ರೇಶನ್ ಗೊತ್ತುಮಾಡಿದೆಯೆಂದು ಅವತ್ತೇ ತಿಳಿಯಿತು. ತಿಳಿಸಿಕೊಟ್ಟದ್ದಕ್ಕೆ ಉಪಕಾರ.

ಸಂಗತಿ ತಮಗೆ ಗೊತ್ತಿದ್ದದ್ದೇ. ಆದರೆ ಇದು ಬಹಿರಂಗ ಪತ್ರವಾದ್ದರಿಂದ, ರೇಶನ್ ಅಂಗಡಿಯ ಸಾಲಿನಲ್ಲಿ ನಿಂತು ಇದನ್ನು ಓದಿಸಿಕೊಳ್ಳುವ ಮಂದಿಗಾಗಿ ಮೊದಲಿನಿಂದ ಹೇಳುತ್ತೇನೆ.

ನಮ್ಮ ಓಣಿಯ ಮೂಲೆಯಲ್ಲಿ ಮಕ್ತುಮಸಾಬ ಕಾಕಾನ ಭಟ್ಟಿಯಿದೆ. ಮೂವತ್ತು ವರ್ಷದಿಂದ ರೈಲ್ವೆ ಕಾರಖಾನೆಗೆ ಹೋಗುವವರು ಬೆಳಿಗ್ಗೆ ಚಹದಲ್ಲಿ ಅದ್ದಿ ತಿನ್ನುವುದು ಅಲ್ಲಿಯ ಪಾವುರೊಟ್ಟಿಯನ್ನೇ. ರೊಟ್ಟಿ ತೆಗೆದ ಮೇಲೆ ಮಧ್ಯಾಹ್ನ ಭಟ್ಟಿಯ ಕಾವು ಇಳಿಯುತ್ತದೆ, ಅಷ್ಟಿಷ್ಟು ಬಿಸಿ ಉಳಿದಿರುತ್ತದೆ. ಆ ಉಳಿದ ಬಿಸಿ ಓಣಿಯ ಹೆಂಗಸರ ಪಾಲು. ಮನೆಯಲ್ಲಿ ತುಪ್ಪ, ಸಕ್ಕರೆ, ಮೈದಾ ಕಲೆಸಿ, ಉಂಡೆ ಒತ್ತಿ, ತಾಟಿನಲ್ಲಿ ಜೋಡಿಸಿ ತಂದರೆ ಕಾಕಾ ಉದ್ದನೆಯ ಹಲಗೆಯಿಂದ ಒಳಗೆ ತಳ್ಳಿ ನಾನಖಟಾಯಿ ಬೇಯಿಸಿ ಕೊಡುತ್ತಾನೆ. ಕೂಲಿ ಕೇಳುವುದಿಲ್ಲ. "ತಡೀರಿ, ಬೆಂದೈತಿಲ್ಲೋ ನೋಡೂಣು" ಎಂದು ಪ್ರತಿ ತಾಟಿನಿಂದ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ, ಅದೇ ಕೂಲಿ. ಒಂದು ಸಾರಿಗೆ ಐದಾರು ಮನೆಯ ತಾಟುಗಳು ಒಳಗೆ ಹೋಗುವುದರಿಂದ ಪ್ರತಿ ಮನೆಗೂ ಒಂದು ಗುರುತು. ಗೌರಕ್ಕ ಹೆಬ್ಬೆರಳಿನಿಂದ ಕುಳಿ ಒತ್ತುತ್ತಾಳೆ, ಮೌಲಾಬಿ ಚೂರಿಯಿಂದ ಎರಡು ಗೆರೆ ಎಳೆಯುತ್ತಾಳೆ, ನಾನು ಬಳೆಯ ಅಂಚು ಊರುತ್ತೇನೆ. ಗುರುತು ಹಾಕುವುದು ಲೆಕ್ಕ ತಪ್ಪದಿರಲಿ ಎಂದು ಎಲ್ಲರೂ ಬಾಯಲ್ಲಿ ಹೇಳುವುದು. ನನ್ನ ಬಳೆಯ ಗುರುತಿನದು ಮತ್ತೊಬ್ಬರ ಮನೆಗೆ ಹೋಗಿ ಅವರ ಜಾತಿ ಕೆಡದಿರಲಿ ಎಂಬುದು ಯಾರೂ ಬಾಯಲ್ಲಿ ಹೇಳದೆ ಪಾಲಿಸುವುದು. ಬೆಂಕಿ ಒಂದೇ ಇದ್ದರೆ ನಡೆಯುತ್ತದೆ, ಹಿಟ್ಟು ಒಂದಾಗಬಾರದು. ನಮ್ಮ ಊರಿನ ಧರ್ಮಸೂಕ್ಷ್ಮ ಇಷ್ಟು.

ಈ ವರ್ಷ ಮೌಲಾಬಿಯ ಮಗಳು ನೂರಜಹಾನ ಮುಲ್ಕಿ ಪರೀಕ್ಷೆ ಪಾಸಾದಳು. ನಮ್ಮ ಓಣಿಯಲ್ಲಿ ಏಳನೇ ಇಯತ್ತೆ ದಾಟಿದ ಮೊದಲ ಹೆಣ್ಣುಮಗಳು. ಓಣಿಗೆಲ್ಲ ಸಿಹಿ ಹಂಚಬೇಕೆಂದರೆ, ಸಾಹೇಬರೇ, ತಾವು ಅಳೆದುಕೊಟ್ಟ ಸಕ್ಕರೆಯಿಂದ ಒಂದು ಮನೆಯವರು ಒಂದು ತಾಟು ಮಾಡಲಿಕ್ಕೂ ಆಗುವುದಿಲ್ಲ. ಇರುವೆಯೊಂದು ನಮ್ಮ ಡಬ್ಬಿಗೆ ಇಳಿದರೆ ಪಾಪ, ಹಸಿದುಕೊಂಡೇ ಮೇಲೆ ಬರುತ್ತದೆ. ಮೌಲಾಬಿ ಕಣ್ಣಲ್ಲಿ ನೀರು ತಂದುಕೊಂಡು ಕೂತಿದ್ದಾಗ ಗೌರಕ್ಕ ಹೇಳಿದಳು: "ಮೂರೂ ಮನೀ ಸಕ್ರಿ ಒಂದ ಬೋಗುಣ್ಯಾಗ ಸುರುವಿಬಿಡೂಣು ತಗಿ." ಮೌಲಾಬಿ ಹೆದರಿದಳು. "ಆಮ್ಯಾಲ ನಿಮ್ಮ ಮಂದಿ ಏನಂತಾರವಾ?" ಎಂದಳು. ಗೌರಕ್ಕನ ಉತ್ತರವನ್ನು ತಮ್ಮ ಕಚೇರಿಯ ಗೋಡೆಗೆ ಬರೆಸಬೇಕು: "ನಮ್ಮ ಮಂದಿ ಸಕ್ರಿ ಕೊಡತಾರೇನು? ಕೊಟ್ಟವರು ಮಾತಾಡ್ಲಿ, ಉಳಿದವರು ಬಾಯಿ ಮುಚಗೊಂಡು ತಿನ್ಲಿ."

ಗೌರಕ್ಕ ಉಪ್ಪಿನಬೆಟಗೇರಿಯ ಒಕ್ಕಲುಮನೆಯ ಮಗಳು. ನಲವತ್ತೆರಡರ ಚಳವಳಿಯಲ್ಲಿ ಸೆರೆಸಿಕ್ಕು ಅವಳೂ ನಾನೂ ಬೆಳಗಾವಿಯ ತುರಂಗದಲ್ಲಿ ಒಂದೇ ಗಂಗಾಳದಲ್ಲಿ ಉಂಡು ಬಂದವರು. ಅಲ್ಲಿ ಸರಕಾರವೇ ನಮ್ಮನ್ನು ಪಂಕ್ತಿಗೆ ಕೂರಿಸಿತ್ತು, ಆಗ ಯಾವ ಸಾಹೇಬರೂ ಜಾತಿ ಕೇಳಲಿಲ್ಲ. ಹಾಗಾಗಿ ಅವಳ ತವರಿನ ತುಪ್ಪ, ಮೂರು ಮನೆಯ ಸಕ್ಕರೆ, ಮೂರು ಮನೆಯ ಮೈದಾ ಒಂದೇ ಬೋಗುಣಿಗೆ ಬಿದ್ದವು, ಮೂವರ ಕೈಗಳೂ ಬಿದ್ದವು.

ಇನ್ನು ತಮ್ಮ ಪಂಚನಾಮೆಯಲ್ಲಿ "ಕರಿ ಬಣ್ಣದ ಕಣಗಳು, ಸ್ವರೂಪ ಅಜ್ಞಾತ, ಸಂಶಯಾಸ್ಪದ" ಎಂದು ಬರೆಸಿದ್ದೀರಲ್ಲ, ಆ ಕಣಗಳ ಕುಲಗೋತ್ರ. ಮೌಲಾಬಿಯ ಗಂಡ ಅಬ್ದುಲಮಜೀದ ಮೋಟಾರು ಮೆಕ್ಯಾನಿಕ. ಬೈರಿದೇವರಕೊಪ್ಪದ ಹತ್ತಿರ ಕೆಟ್ಟು ನಿಂತ ಮಿಲಿಟರಿ ಲಾರಿಯನ್ನು ರಿಪೇರಿ ಮಾಡಿದ್ದಕ್ಕೆ ಗೋರಾ ಸಿಪಾಯಿಯೊಬ್ಬ ಖುಶಿಯಾಗಿ ಅವನ ಕೈಗೆ ಒಂದು ದಪ್ಪನೆಯ ಚಾಕಲೇಟು ಹಲಗೆ ಕೊಟ್ಟಿದ್ದ. ಅದು ಸಾಬೂನಿನಂತಿದೆಯೆಂದು ಗೌರಕ್ಕ ಮೂಸಿ ನೋಡಿದಳು, ಕಹಿಯಾಗಿದೆಯೆಂದು ನೂರಜಹಾನ ಮುಖ ಕಿವುಚಿದಳು. ಸಕ್ಕರೆ ಸೇರಿದರೆ ದಾರಿಗೆ ಬರುತ್ತದೆಂದು ನಾನೇ ಅಡಕೊತ್ತಿನಲ್ಲಿ ಅಡಕೆಯಂತೆ ಕತ್ತರಿಸಿ ಹಿಟ್ಟಿಗೆ ಸೇರಿಸಿದೆ. ಭಟ್ಟಿಯಿಂದ ತಾಟು ಹೊರಗೆ ಬಂದಾಗ ಬಂಗಾರದ ಬಣ್ಣದ ಮೈಮೇಲೆ ಕರಿ ಚುಕ್ಕೆಗಳು ಅರ್ಧ ಕರಗಿ ಹೊಳೆಯುತ್ತಿದ್ದವು. ಕಾಕಾ ತನ್ನ ಕೂಲಿಯನ್ನು ಬಾಯಿಗಿಟ್ಟುಕೊಂಡು, ಬೆರಳಿಗಂಟಿದ ಕರಿ ಚುಕ್ಕೆಯನ್ನೂ ನೆಕ್ಕಿದ. ಆಮೇಲೆ "ಯವ್ವಾ, ನೋಡಿದ್ರ ಇಲಿ ಓಡ್ಯಾಡಿದಂಗೈತಿ, ತಿಂದ್ರ ಜನ್ನತ್ ಐತಿ" ಎಂದ.

ಆ ಜನ್ನತ್ತಿನ ಬಾಗಿಲಲ್ಲೇ ತಾವು ದಯಮಾಡಿಸಿದಿರಿ.

"ಯಾರದಿದು ತಾಟು?" ಎಂದಿರಿ. ಕಾಕಾ ಮೂವತ್ತು ವರ್ಷದ ರೂಢಿಯಂತೆ "ಓಣೀದ್ರಿ ಸಾಹೇಬ್ರ" ಎಂದ. "ಓಣಿಗೆ ರೇಶನ್ ಕಾರ್ಡ್ ಐತೇನು? ಗುರ್ತ ಎಲ್ಲಿ?" ಎಂದು ತಾವು ತಾಟು ತಿರುಗಿಸಿ ನೋಡಿದಿರಿ; ನಮ್ಮ ಪದ್ಧತಿಗಳನ್ನು ಇಷ್ಟು ಆಸ್ಥೆಯಿಂದ ಅಭ್ಯಾಸ ಮಾಡಿದ ಅಧಿಕಾರಿ ಸಿಕ್ಕದ್ದು ನಮ್ಮ ಪುಣ್ಯ. ಗುರುತಿರಲಿಲ್ಲ. ಕಲೆಸಿದ್ದು ಕೂಡಿ, ಹಂಚುವುದು ಕೂಡಿ, ಗುರುತು ಯಾರಿಗೆ ಬೇಕು? ಆದರೆ ತಮ್ಮ ನ್ಯಾಯ ಬೇರೆ: ಗುರುತಿಲ್ಲವೆಂದರೆ ಎಲ್ಲ ಒಬ್ಬರದೇ, ಒಬ್ಬರದೆಂದರೆ ಸಕ್ಕರೆ ಮೂರು ಪಟ್ಟು, ಮೂರು ಪಟ್ಟೆಂದರೆ ಕಾಳದಂಧೆ. ಅರವತ್ತು ನಾನಖಟಾಯಿ ಜಪ್ತಿಯಾದವು. ಭಟ್ಟಿಯ ಬಾಗಿಲಿಗೆ ಅರಗಿನ ಸೀಲು ಬಿತ್ತು. ಒಬ್ಬಳ ಹೆಸರು ಕೊಟ್ಟರೆ ಅವಳ ಮನೆಯ ಕಾರ್ಡು ರದ್ದು. ಕೊಡದಿದ್ದರೆ ಭಟ್ಟಿ ತೆರೆಯುವಂತಿಲ್ಲ.

ನಾವು ಮೂವರೂ ತಮ್ಮ ಕಚೇರಿಗೆ ಬಂದೆವು. ಗೌರಕ್ಕ "ನಂದ್ರಿ" ಎಂದಳು, ಮೌಲಾಬಿ "ನಂದ್ರಿ" ಎಂದಳು, ಪಾವಟಿಗೆಯ ಕೆಳಗಿಂದ ನಾನೂ "ನಂದ್ರಿ" ಎಂದು ಕೂಗಿದೆ. ಕಳ್ಳರು ಅಪರಾಧ ಅಲ್ಲಗಳೆಯುವುದನ್ನು ಕಂಡಿದ್ದ ತಮಗೆ ಮೂವರು ಅದನ್ನು ಎಳೆದಾಡುವುದು ಹೊಸದಿರಬೇಕು, ತಾವು ಮೇಜು ಗುದ್ದಿದಿರಿ. "ಮೂರು ಜಾತಿ ಹೆಂಗಸರು ಒಂದ ಹಿಟ್ಟಿನ್ಯಾಗ ಕೈ ಹಾಕಿದ್ರಂದ್ರ ನಾ ನಂಬಬೇಕಾ? ಸುಳ್ಳು ಹೇಳೂದಾದ್ರ ನಂಬೂವಂಥಾದ್ದು ಹೇಳ್ರಿ!" ಎಂದಿರಿ. ಫಾರ್ಮು ತೆಗೆದು ತೋರಿಸಿದಿರಿ: ಹೆಸರಿಗೆ ಒಂದು ಕಲಮು, ಗಂಡನ ಹೆಸರಿಗೆ ಒಂದು, ಜಾತಿಗೆ ಒಂದು, ಧರ್ಮಕ್ಕೆ ಒಂದು. ಗೆಳತಿಯರಿಗೆ ಎಲ್ಲಿಯೂ ಕಲಮಿಲ್ಲ. ಸಾಹೇಬರೇ, ಆ ಫಾರ್ಮು ಅಚ್ಚು ಹಾಕಿದವನು ಎಂದಾದರೂ ಯಾರ ಮನೆಯಲ್ಲಾದರೂ ಒಂದು ತುತ್ತು ಉಂಡಿದ್ದನೇ?

ಸಿಟ್ಟಿನಲ್ಲಿ ಬರೆದೆ, ಬಿಡಿ. ತಮ್ಮನ್ನು ಹೊಗಳುವುದು ಬಾಕಿಯಿದೆ.

ಜಪ್ತಿಯಾದ ಮುದ್ದೇಮಾಲನ್ನು ಕಾಪಾಡಲು ತಾವು ಪಡುತ್ತಿರುವ ಶ್ರಮ ಓಣಿಗೆಲ್ಲ ಗೊತ್ತಾಗಿದೆ. ಆ ಕರಿ ಕಣಗಳು ಅಫೀಮೋ ಏನೋ ಎಂದು ಪರೀಕ್ಷೆಗೆ ಮುಂಬಯಿಗೆ ಕಳಿಸಿದರೆ ಸರಕಾರಕ್ಕೆ ಖರ್ಚಾದೀತೆಂದು, ತಾವು ತಮ್ಮ ನಾಲಗೆಯನ್ನೇ ಪ್ರಯೋಗಶಾಲೆ ಮಾಡಿ ಅರ್ಪಿಸಿದಿರಂತೆ. ತಮ್ಮ ಸಿಪಾಯಿ ಬೀರಲಿಂಗಪ್ಪ ನಮ್ಮ ಓಣಿಯವನೇ, ಅವನು ಹೇಳುತ್ತಾನೆ: "ಸಾಹೇಬ್ರು ಚಾದ ಕೂಡ ಒಂದೊಂದ ಪರೀಕ್ಷಾ ಮಾಡಾಕತ್ತಾರ್ರಿ. ಮಳಿ ಬಂದ ದಿನಾ ಎರಡೆರಡ." ಪಂಚನಾಮೆಯಲ್ಲಿ ಅರವತ್ತಿದ್ದದ್ದು ಸೋಮವಾರಕ್ಕೆ ನಲವತ್ತೊಂದಾಯಿತು, ಶುಕ್ರವಾರಕ್ಕೆ ಹತ್ತೊಂಬತ್ತು. ಅಂಕಿಗಳ ಪಕ್ಕದಲ್ಲಿ "ಹವಾಮಾನದಿಂದ ಕುಗ್ಗಿದೆ" ಎಂದು ತಮ್ಮ ದುಂಡನೆಯ ಸಹಿಯಿದೆಯಂತೆ. ಹವಾಮಾನಕ್ಕೆ ಸಕ್ಕರೆಯ ಮೇಲೆ ಇಷ್ಟು ಆಶೆಯೆಂದು ನಮಗೆ ಗೊತ್ತಿರಲಿಲ್ಲ. ಉಳಿದ ಹತ್ತೊಂಬತ್ತರಲ್ಲಿ ಒಂದು ಅರ್ಧ ಕಚ್ಚಿದ್ದಿದೆಯೆಂದೂ, ಅದರ ಮೇಲೆ ಹಲ್ಲಿನ ಸಾಲು ಸ್ಪಷ್ಟವಾಗಿ ಮೂಡಿದೆಯೆಂದೂ ಬೀರಲಿಂಗಪ್ಪ ಆಣೆ ಮಾಡುತ್ತಾನೆ. ಹಾಗಿದ್ದರೆ ಇಡೀ ತಾಟಿನಲ್ಲಿ ಗುರುತಿರುವುದು ಅದೊಂದೇ. ಗುರುತು ಯಾರದೋ ಮಾಲು ಅವರದೆಂಬುದು ತಮ್ಮದೇ ನ್ಯಾಯ. ಹೆಸರು ಬೇಕಲ್ಲವೇ? ಬರೆದುಕೊಳ್ಳಿ.

ಇತ್ತ ಭಟ್ಟಿ ಆರಿ ಹನ್ನೆರಡು ದಿನವಾಯಿತು. ಮಕ್ತುಮಸಾಬ ಕಾಕಾ ದಿನಾ ಬೆಳಿಗ್ಗೆ ಬಂದು, ಸೀಲಿಗೆ ತಾಗದಂತೆ ಬಾಗಿಲ ಮೇಲಿನ ಧೂಳು ಒರೆಸಿ, ಎದುರಿನ ಕಟ್ಟೆಯ ಮೇಲೆ ಕೂಡುತ್ತಾನೆ. ಕಾರಖಾನೆಯವರು ರೂಢಿಯಿಂದ ಇತ್ತ ತಿರುಗಿ, ಬರಿಗೈ ನೋಡಿಕೊಂಡು ಹೋಗುತ್ತಾರೆ. ಹನ್ನೆರಡು ದಿನದಿಂದ ಅವನ ಮನೆಯಲ್ಲಿ ದುಡಿಮೆಯಿಲ್ಲ. "ಕಾಕಾ, ನನ್ನ ಹೆಸರು ಹೇಳಿಬಿಡು, ನನಗ ಉಪಾಸ ಹೊಸಾದಲ್ಲ" ಎಂದು ನಾನು ಹೋಗಿ ಕಾಲು ಹಿಡಿದೆ. ಅವನು ನಕ್ಕ. "ಹುಚ್ಚಿ ಅದೀಯೇನು? ಮೂರು ಮಂದಿ ಕೂಡಿ ತಂದ ತಾಟು ಒಳಗ ಇಟ್ಟೇನಿ. ಒಬ್ಬಾಕಿದು ಅಂತ ಹೊರಗ ಹೆಂಗ ತಗೀಲಿ?" ಎಂದ. ಅವನಿಗೆ ಓದು ಬರಹ ಬರುವುದಿಲ್ಲ. ಪಂಚನಾಮೆಗೆ ಹೆಬ್ಬೆಟ್ಟು ಒತ್ತುವ ಮೊದಲು ಅದರಲ್ಲಿ ಯಾರ ಹೆಸರೂ ಇಲ್ಲವೆಂದು ಮೂರು ಸಾರಿ ಕೇಳಿಕೊಂಡನಂತೆ.

ಆದ್ದರಿಂದ ಮಾನ್ಯರಲ್ಲಿ ಬಿನ್ನಹ. ಒಂದು ತಾಟು ಒಂದೇ ಮನೆಯದೆಂಬ ತಮ್ಮ ಹಟವನ್ನು ನಾವು ಒಪ್ಪಿಕೊಂಡಿದ್ದೇವೆ. ತಾವೂ ಅದನ್ನು ಪೂರ್ತಿ ಪಾಲಿಸಬೇಕು. ಗೌರಕ್ಕ, ಮೌಲಾಬಿ, ರೇಣವ್ವ ಒಂದೇ ಮನೆಯವರೆಂದು ಹದಿನಾಲ್ಕು ತಲೆಗಳ ಒಂದು ರೇಶನ್ ಕಾರ್ಡು ಬರೆದುಕೊಡಬೇಕು. ಜಾತಿಯ ಕಲಮಿನಲ್ಲಿ ಏನು ಬರೆಯಬೇಕೆಂದು ತೋಚದಿದ್ದರೆ ತುಪ್ಪದ ಕೈಯಿಂದ ಒಮ್ಮೆ ಮುಟ್ಟಿ, ಅಕ್ಷರ ತಾನೇ ಅಳಿಸುತ್ತದೆ. ಬಳಿಕ ಆ ಕಾರ್ಡನ್ನು ತಾವೇ ಖುದ್ದು ಹಿಡಿದುಕೊಂಡು ಹೋಗಿ ಗೌರಕ್ಕನ ಜಾತಿಯ ದೈವದ ಪಂಚರಿಗೂ, ಮೌಲಾಬಿಯ ಜಮಾತಿನವರಿಗೂ, ನಮ್ಮ ಕೇರಿಯ ಹಿರಿಯರಿಗೂ "ಇವರು ಒಂದೇ ಮನೆಯವರು, ಸರಕಾರ ತೂಗಿ ನೋಡಿದೆ" ಎಂದು ತಿಳಿಸಬೇಕು. ನಾವು ಹೇಳಿದರೆ ಕಲ್ಲು ಬೀಳುತ್ತವೆ. ತಾವು ಹೇಳಿದರೆ ಜಜಂತ್ರಿ ಬಾರಿಸಿಯಾರು. ಇಷ್ಟು ದೊಡ್ಡ ಸಮಾಜಸುಧಾರಣೆ ತಮ್ಮಿಂದ ಆಗದೆನಿಸಿದರೆ ಅರಗಿನ ಚಿಕ್ಕ ಸೀಲನ್ನಾದರೂ ಒಡೆಯಬೇಕು. ಅದಕ್ಕೆ ಧೈರ್ಯ ಬೇಕಿಲ್ಲ, ಉಗುರು ಸಾಕು.

ತಮ್ಮ ಉತ್ತರ ಬರುವವರೆಗೆ ಪ್ರತಿದಿನ ರೇಶನ್ ಅಂಗಡಿಯ ಸಾಲಿನಲ್ಲಿ ಈ ಪತ್ರವನ್ನು ನೂರಜಹಾನ ಗಟ್ಟಿಯಾಗಿ ಓದುತ್ತಾಳೆ. ಮುಲ್ಕಿ ಪಾಸಾದ ದನಿ, ದೂರ ಕೇಳಿಸುತ್ತದೆ.

ತಮ್ಮ ತಕ್ಕಡಿಯಲ್ಲಿ ಇಲ್ಲದಿದ್ದರೂ ತಮ್ಮ ನಾಲಗೆಯಲ್ಲಿ ಪೂರ್ಣ ನಂಬಿಕೆಯಿಟ್ಟಿರುವ,

ತಮ್ಮ ವಿಶ್ವಾಸಿ,
ರೇಣವ್ವ
(ಗೌರಕ್ಕ ಮತ್ತು ಮೌಲಾಬಿಯರ ಒಪ್ಪಿಗೆಯಿಂದ)

ತಾ.ಕ.: ಪತ್ರ ಮುಗಿಸಿ ಅಂಟು ಹಚ್ಚುವಷ್ಟರಲ್ಲಿ ದೇಶಪಾಂಡೆ ನಗರದಿಂದ ಗೃಹಸ್ಥರ ಮನೆಯ ಬಾಯಿಯವರೊಬ್ಬರು ಟಾಂಗಾದಲ್ಲಿ ಬಂದಿಳಿದರು. ನಾಲ್ಕೈದು ದಿನದಿಂದ ಅವರ ಯಜಮಾನರು ಕರವಸ್ತ್ರದಲ್ಲಿ ಕರಿ ಚುಕ್ಕೆಯ ನಾನಖಟಾಯಿ ಕಟ್ಟಿಕೊಂಡು ಬರುತ್ತಿದ್ದಾರಂತೆ, ಕೇಳಿದರೆ ಹಳೇ ಹುಬ್ಬಳ್ಳಿಯ ಅಂಗಡಿಯದೆನ್ನುತ್ತಾರಂತೆ. "ಆ ಅಂಗಡಿ ಹುಡುಕ್ಕೋತ ಬಂದೇನ್ರಿ" ಎಂದರು. ನಾವು ಸೀಲು ತೋರಿಸಿದೆವು, ಕಾಕಾನನ್ನು ತೋರಿಸಿದೆವು, ಈ ಪತ್ರವನ್ನೂ ಓದಿ ತೋರಿಸಿದೆವು. ಅವರು ನಾನಖಟಾಯಿಗಳ ಲೆಕ್ಕವನ್ನು ಮಾತ್ರ ಇನ್ನೊಮ್ಮೆ ಓದಿಸಿಕೊಂಡರು. ಆಮೇಲೆ ಟಾಂಗಾ ತಿರುಗಿಸಿ ಮನೆಗೆ ಹೋಗಿ, ತಮ್ಮ ಮನೆಯ ಸಕ್ಕರೆಯನ್ನು ಡಬ್ಬಿಸಮೇತ ತಂದು ನಮ್ಮ ಬೋಗುಣಿಗೆ ಸುರುವಿ, ಬಳೆ ಹಿಂದೆ ಸರಿಸಿ, ನಮ್ಮ ಕೈಗಳ ನಡುವೆ ತಮ್ಮ ಕೈ ಹಾಕಿದರು. ಅವರ ಹೆಸರನ್ನು ಇಲ್ಲಿ ಬರೆದಿಲ್ಲ. ತಾವು ದಿನಾ ಕರೆಯುವ ಹೆಸರೇ. ಹಿಟ್ಟು ಸಿದ್ಧವಾಗಿದೆ. ಹನ್ನೆರಡು ದಿನ ಆರಿದ ಭಟ್ಟಿ ಕಾಯಲು ಅರ್ಧ ದಿನ ಬೇಕು, ಆದಕಾರಣ ಸೀಲು ಒಡೆಯಲು ಲಗೂ ಬರಬೇಕು. "ಬರಲಿಲ್ಲಂದ್ರ ನಾನೂ ಮನೀಗೆ ಬರಂಗಿಲ್ಲಂತ ಬರೀರಿ" ಎಂದು ಬಾಯಿಯವರು ಹೇಳುತ್ತಿದ್ದಾರೆ, ಬರೆದಿದ್ದೇನೆ.