ನೌಕರಿ ನೋಡಲು ಹೋದ ಅತ್ತೆ

ಶಿವಲೀಲಾ, ಬಸು, ಸಹನಾ, ಮೊಮ್ಮಕ್ಕಳು ಮೂವರೂ ಕೂಡಿ ಓದಿ. ಆದರೆ ಇದನ್ನು ಬರೆಯಲು ನನ್ನನ್ನು ಕೂಡಿಸಿದವಳು ಶಿವಲೀಲಾ. ಹೋದ ದೀಪಾವಳಿಗೆ ಬಂದಾಗ ಅವಳ ಕಾಲೇಜಿನವರು ಒಂದು ಕೆಲಸ ಹಚ್ಚಿ ಕಳಿಸಿದ್ದರು. ಯಾವ ನೌಕರಿ ಹಿಡಿಯಬೇಕೆಂದಿರುವಿರೋ ಆ ನೌಕರಿ ಮಾಡಿದವರನ್ನು ಕಂಡು, ಕೂತು ಮಾತಾಡಿ ಬನ್ನಿ ಎಂದು. ಅವಳು ಹಿಡಿಯಬೇಕೆಂದಿದ್ದು ಮಾನವ ಸಂಪನ್ಮೂಲದ ಕೆಲಸ. ಯಾರನ್ನು ಕೇಳಲಿ ಎಂದು ಒದ್ದಾಡುತ್ತಿದ್ದಾಗ ನಿಮ್ಮಪ್ಪ, "ನಿಮ್ಮ ಆಯಿನ್ನ ಕೇಳು, ಆಕಿ ಮಾಡಿದ್ದೂ ಅದ ಕೆಲಸ" ಎಂದುಬಿಟ್ಟ. ಅವಳು ಬಿಟ್ಟ ಕಣ್ಣು ಬಿಟ್ಟಂತೆ ನನ್ನನ್ನು ನೋಡಿದಳು. ಮೊಬೈಲನ್ನು ದನಿ ಹಿಡಿಯಲು ಹಚ್ಚಿ ನನ್ನ ಮುಂದಿಟ್ಟು "ಹೇಳು ಆಯಿ" ಎಂದಳು. ನಾನು ಆ ಮೊಬೈಲನ್ನು ನೋಡಿದೆ, ಅದು ನನ್ನನ್ನು ನೋಡಿತು. ಕಡೆಗೆ ನನ್ನ ಬಾಯಿಂದ ಬಂದದ್ದು, "ಚಾ ಕುಡೀತಿಯೇನ?" ಅಷ್ಟೇ. ಅದರಲ್ಲಿ ಇಂದಿಗೂ ನನ್ನ ಮಾತು ಅದೊಂದೇ ಇದೆಯಂತೆ, ಉಳಿದದ್ದೆಲ್ಲ ಫ್ಯಾನಿನ ಸದ್ದು.

ಮನುಷ್ಯರಿಗೆ ಸಂಪನ್ಮೂಲ ಎನ್ನುತ್ತಾರೆಂದು ನಾನು ನೌಕರಿಯಲ್ಲಿದ್ದ ಕಾಲಕ್ಕೆ ನನಗೆ ಗೊತ್ತಿರಲಿಲ್ಲ. ನಾವು ಮಂದಿ ಎನ್ನುತ್ತಿದ್ದೆವು. ಇರಲಿ. ಬಾಯಿಂದ ಆಗದ್ದನ್ನು ಕೈಯಿಂದ ಮಾಡುತ್ತಿದ್ದೇನೆ. ಝಳಕಿಯ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇವು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನ್ನ ನಾಚಿಕೆ ಎಂಥದ್ದೆಂದು ಮೊದಲು ಹೇಳಬೇಕು. ಮದುವೆಯಾದ ಹೊಸದರಲ್ಲಿ ಪಂಚಮಿ ಹಬ್ಬಕ್ಕೆ ಒಬ್ಬಳೇ ತವರಿಗೆ ಹೊರಟಿದ್ದೆ. ಝಳಕಿ ಬಂತು. ಇಳಿಯಬೇಕಾದರೆ ಕಂಡಕ್ಟರನಿಗೆ ಹೇಳಬೇಕು, ಹೇಳಬೇಕಾದರೆ ಬಸ್ಸಿನ ತುಂಬ ಗಂಡಸರು. ಯಾರಾದರೂ ಇಳಿದಾರು, ಅವರ ಹಿಂದೆ ಇಳಿದರಾಯಿತು ಎಂದು ಕಾದೆ. ಆ ದಿನ ಝಳಕಿಯಲ್ಲಿ ಒಬ್ಬರೂ ಇಳಿಯಲಿಲ್ಲ. ಸೊಲ್ಲಾಪುರದ ತನಕ ಹೋದೆ. ಅಲ್ಲಿ ಎಲ್ಲರೂ ಇಳಿದರು, ನಾನೂ ಇಳಿದೆ. ನನ್ನ ಪುಣ್ಯಕ್ಕೆ ನಮ್ಮೂರಿನ ಬಳೆಗಾರ ಮುದುಕ ಅಲ್ಲಿ ಸಿಕ್ಕು, ಸಂಜೆಯ ಬಸ್ಸಿಗೆ ಹಿಂದೆ ಕರೆತಂದ. ಅವ್ವ ಕರಿದಿಟ್ಟ ಕರಚಿಕಾಯಿ ನನ್ನನ್ನು ಕಾದು ಕಾದು ಮೆತ್ತಗಾಗಿದ್ದವು.

ಇಂಥವಳಿಗೆ ನಿಮ್ಮ ಮುತ್ಯಾ, ನನ್ನ ಗಂಡ, ತೀರಿಕೊಂಡ ಮೇಲೆ ಜೀವನದ ದಾರಿ ಹುಡುಕುವ ಪ್ರಸಂಗ ಬಂತು. ಎಪ್ಪತ್ತರ ದಶಕ ಅದು. ನಿಮ್ಮಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ಗೊಳಸಂಗಿಯ ಆ ಮನೆಯಲ್ಲಿ ನಾನು, ಅತ್ತೆ ಗೌರವ್ವ, ಮತ್ತೆ ಕೂಸು. ಝಳಕಿಯಿಂದ ನನ್ನ ಅಣ್ಣ ಬಂದು, ಅಮಾವಾಸ್ಯೆ ಕಳೆದ ಮೇಲೆ ತಂಗಿಯನ್ನೂ ಕೂಸನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋದ. ಅಣ್ಣ ಒಳ್ಳೆಯವನೇ. ಆದರೆ ತವರಿಗೆ ಹಬ್ಬಕ್ಕೆ ಹೋಗುವುದೇ ಬೇರೆ, ಹೋಗಿ ಅಲ್ಲೇ ಉಳಿಯುವುದೇ ಬೇರೆ. ಅತ್ತಿಗೆಯ ಒಲೆಯ ಮುಂದೆ ಕಡೆತನಕ ರೊಟ್ಟಿ ಬಡಿಯುವುದು ನನ್ನ ಹಣೆಬರಹವಾಗುತ್ತಿತ್ತು. ಇತ್ತ ಅತ್ತೆ ಮೊಮ್ಮಗನಿಲ್ಲದ ಮನೆಯಲ್ಲಿ ಒಬ್ಬಳೇ. ಅವಳು ಬಾಯಿ ಬಿಟ್ಟು ಇರು ಎನ್ನಲಿಲ್ಲ, ನಾನು ಬಾಯಿ ಬಿಟ್ಟು ಇರುತ್ತೇನೆ ಎನ್ನಲಿಲ್ಲ. ಇಬ್ಬರೂ ಕೂಸಿನ ಜೊತೆಗೇ ಮಾತಾಡುತ್ತಿದ್ದೆವು.

ಆಗ ಊರಿನ ಸಾಲೆಯ ಮಾಸ್ತರರು ಒಂದು ಸುದ್ದಿ ತಂದರು. ಬಾಗೇವಾಡಿಯ ಹೊರಗೆ ಒಂದು ಹತ್ತಿಯ ಕಾರ್ಖಾನೆ ಇತ್ತು, ಅರಳೆಯಿಂದ ಕಾಳು ಬಿಡಿಸುವುದು. ಹಂಗಾಮಿನಲ್ಲಿ ಸುತ್ತಲ ಹಳ್ಳಿಯ ಹೆಂಗಸರೆಲ್ಲ ಅಲ್ಲೇ. ಕೂಲಿಯವರ ಕಷ್ಟಸುಖ ನೋಡಿಕೊಳ್ಳಲು ಧಾರವಾಡದಲ್ಲಿ ಕಲಿತ ಸುಶೀಲಾಬಾಯಿ ಎಂಬ ಅಧಿಕಾರಿ ಇದ್ದರು. ಅವರ ಕೈಕೆಳಗೆ ಅಕ್ಷರ ಬಲ್ಲ ಒಬ್ಬ ಹೆಣ್ಣುಮಗಳು ಬೇಕಾಗಿದ್ದಳು. ಮಾಸ್ತರರು ಅವರಿಗೆ ನನ್ನ ವಿಷಯ ಹೇಳಿದ್ದರು. ಅದಕ್ಕೆ ಅವರು, "ನೌಕರಿ ಕೇಳಾಕ ಬ್ಯಾಡ. ನೌಕರಿ ಎಂಥಾದ್ದು ಅಂತ ಕೇಳಾಕ ಬರ್ಲಿ. ನೋಡ್ಲಿ. ಆಮ್ಯಾಲೆ ಮಾತು" ಎಂದು ಹೇಳಿ ಕಳಿಸಿದ್ದರು.

ಅತ್ತೆಯ ಕಿವಿಗೆ ಅದರಲ್ಲಿ ಬಿದ್ದದ್ದು "ನೋಡ್ಲಿ" ಎಂಬುದೊಂದೇ. ನಮ್ಮ ಕಡೆ ನೋಡಲು ಬನ್ನಿ ಎಂದರೆ ಅದಕ್ಕೊಂದು ರೀತಿ ಇದೆ. ಹುಡುಗಿ ಹೋಗಿ ತಾನೇ ನೋಡಿ ಬರುವುದಿಲ್ಲ. ಹಿರಿಯರು ಹೋಗಬೇಕು, ಮನೆ ನೋಡಬೇಕು, ನೀರು ನೋಡಬೇಕು, ಅಕ್ಕಪಕ್ಕದವರನ್ನು ಕೇಳಬೇಕು. ಮಾತು ಕೂಡುವ ತನಕ ಆ ಮನೆಯ ಸಿಹಿ ಬಾಯಿಗೆ ಇಡಬಾರದು. ಇಟ್ಟರೆ ಒಪ್ಪಿದ ಹಾಗೆ. ಒಪ್ಪಿದ ಮೇಲೆ ಸಕ್ಕರೆ ಹಂಚಬೇಕು, ಆಮೇಲೆ ಮಾತು ಮುರಿದವರ ಮುಖವನ್ನು ನಾಲ್ಕು ಮಂದಿ ನೋಡುವುದಿಲ್ಲ. ಅತ್ತೆ ಈ ಕೆಲಸದಲ್ಲಿ ಹೆಸರಾದವಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ತಾಲೂಕಿನಲ್ಲಿ ಅವಳು ಕೂಡಿಸಿದ ಬೀಗತನ ಇಲ್ಲದ ಊರು ಕಡಿಮೆ. ಹೀಗಾಗಿ ನನ್ನ ನೌಕರಿ ನೋಡಲು ಅವಳೇ ಹೊರಟಳು. ನಾನು ಜೊತೆಗೆ.

ಕೂಸನ್ನು ನೆರೆಮನೆಯಲ್ಲಿ ಬಿಟ್ಟು ಬಸ್ಸು ಹತ್ತಿದೆವು. ಮಾಸ್ತರರು ಕೇಳಬೇಕಾದ ಪ್ರಶ್ನೆ ಕಲಿಸಿಕೊಟ್ಟಿದ್ದರು. ಕೆಲಸ ಏನು, ಅದಕ್ಕೆ ಏನು ತಿಳಿದಿರಬೇಕು, ಅದರಲ್ಲಿ ಕಷ್ಟ ಯಾವುದು. ವಾರವಿಡೀ ಎಮ್ಮೆಯ ಮುಂದೆ ನಿಂತು ಬಾಯಿಪಾಠ ಮಾಡಿದ್ದೆ. ಎಮ್ಮೆಯ ಮುಂದೆ ನನಗೆ ಎಂದೂ ಮಾತು ತಡವರಿಸಿದ್ದಿಲ್ಲ. ಅತ್ತೆ ಬಸ್ಸಿನಲ್ಲಿ ಹೇಳಿದ್ದು ಒಂದೇ ಮಾತು. "ಅಲ್ಲಿ ಬಾಯಿಗೆ ಏನೂ ಇಡಬ್ಯಾಡ. ಚಾ ಸೈತ."

ಕಾರ್ಖಾನೆಗೆ ನೆಟ್ಟಗೆ ಹೋಗಲಿಲ್ಲ ಅವಳು. ಹೊರಗೆ ಚುರುಮುರಿ ಪುಟಾಣಿ ಮಾರುವ ಅಂಗಡಿಯವನ ಹತ್ತಿರ, ಒಳಗಿರುವ ಸುಶೀಲಾಬಾಯಿ ಹೇಗೆ, ಸಿಟ್ಟು ಬಂದರೆ ಏನು ಮಾಡುತ್ತಾಳೆ ಎಂದು ವಿಚಾರಿಸಿದಳು. ಅವನು ಒಳ್ಳೆಯ ಮಾತೇ ಆಡಿದ. ಅತ್ತೆಗೆ ಸಮಾಧಾನವಾಗಲಿಲ್ಲ. ಅಂಗಡಿ ಅವರ ಗೇಟಿನ ಮುಂದೇ ಇದೆ, ಕೆಟ್ಟದ್ದು ಹೇಗೆ ಆಡುತ್ತಾನೆ ಎಂದಳು.

ಸುಶೀಲಾಬಾಯಿಯವರು ಕನ್ನಡಕದ, ಗಟ್ಟಿ ದನಿಯ ಹೆಂಗಸು. ನಮ್ಮನ್ನು ಕುರ್ಚಿಯ ಮೇಲೆ ಕೂಡಿಸಿ ಚಹಾ ತರಿಸಿದರು. ಅತ್ತೆ ಕಪ್ಪನ್ನು ಎರಡು ಬೆರಳಿನಿಂದ ಅತ್ತ ಸರಿಸಿ, "ಸಿಹಿ ಈಗ ಬ್ಯಾಡ್ರಿ ಬಾಯಾರ. ಮೊದ್ಲ ಮಾತು ಆಗ್ಲಿ" ಎಂದಳು. ಬಾಯಿಯವರು ಅವಳಿಗೆ ಸಕ್ಕರೆ ಕಾಯಿಲೆ ಎಂದುಕೊಂಡರೋ ಏನೋ, ಪಾಪ, ಕಪ್ಪು ಹಿಂದೆ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಏನು ಕೇಳುವುದಿದೆ ಕೇಳು ಎಂದರು. ನನ್ನ ಪ್ರಶ್ನೆಗಳು ಗೊಳಸಂಗಿಯಲ್ಲಿ ಎಮ್ಮೆಯ ಹತ್ತಿರವೇ ಉಳಿದಿದ್ದವು.

ಕೇಳಿದವಳು ಅತ್ತೆ. ಮುಂಜಾನೆ ಎಷ್ಟಕ್ಕೆ ಕರೆಯುತ್ತೀರಿ, ಸಂಜೆ ದೀಪ ಹಚ್ಚುವುದರೊಳಗೆ ಕಳಿಸುತ್ತೀರೋ ಇಲ್ಲವೋ, ನಿಮ್ಮ ಮೇಲೆ ಹಿರಿಯರು ಯಾರು, ಅವರು ಹೆಣ್ಣುಮಕ್ಕಳ ಜೊತೆ ಹೇಗೆ ಮಾತಾಡುತ್ತಾರೆ, ಹುಡುಗಿಯ ಕೂಸಿಗೆ ಜ್ವರ ಬಂದರೆ ಏನನ್ನುತ್ತೀರಿ. ಬಾಯಿಯವರು ಮೊದಲು ನಕ್ಕರು, ಆಮೇಲೆ ನೆಟ್ಟಗೆ ಕೂತು ಉತ್ತರ ಹೇಳತೊಡಗಿದರು. ಅತ್ತೆ ಸೆರಗು ಸರಿಮಾಡಿಕೊಂಡು ಕಡೆಯ ಬಾಣ ಬಿಟ್ಟಳು.

"ಇದಕ್ಕೂ ಮೊದ್ಲ ಇದ್ದಾಕಿ ಯಾಕ ಬಿಟ್ಟುಹೋದ್ಲು?"

"ಲಗ್ನ ಆತ್ರಿ. ಸಿಂದಗಿಗೆ ಕೊಟ್ರು."

"ಸಿಂದಗ್ಯಾಗ ನಮ್ಮ ಬೀಗರ ಅದಾರ. ಕೇಳಸ್ತೇನಿ."

"ಕೇಳಸ್ರಿ" ಎಂದರು ಬಾಯಿಯವರು. "ನಾನೂ ಮಾಸ್ತರ ಕಡೆಯಿಂದ ನಿಮ್ಮ ಬಗ್ಗೆ ಕೇಳಸೇನಿ. ಕೆಲಸ ಇದ ನೋಡ್ರಿ ನಮ್ದು. ನೀವು ಎರಡು ಮನಿ ಕೂಡಸ್ತೀರಿ, ನಾನು ಮಾಲಕರನ್ನ ಕೂಲಿಯವರನ್ನ ಕೂಡಸ್ತೇನಿ. ಮಾಲಕರು ನನ್ನನ್ನ ಕೂಲಿಯವರ ಪೈಕಿ ಅಂತಾರ, ಕೂಲಿಯವರು ಮಾಲಕರ ಪೈಕಿ ಅಂತಾರ. ಒಂದ ದಿನ ಇಬ್ರೂ ಕೂಡಿ ಬೈದ್ರಂದ್ರ, ಆ ದಿನ ಕೆಲಸ ನೆಟ್ಟಗ ಆಗೇತಿ ಅಂತ ತಿಳೀತೇನಿ."

ಅತ್ತೆ ಈ ಮಾತಿಗೆ ತಲೆದೂಗಿದಳು. ಬೀಗತನ ಮಾಡಿಸಿ ಎರಡೂ ಮನೆಯವರಿಂದ ಬೈಸಿಕೊಂಡ ಅನುಭವ ಅವಳಿಗೂ ಇತ್ತು. ಇಬ್ಬರೂ ಅದನ್ನೇ ಹಂಚಿಕೊಳ್ಳುತ್ತ ನನ್ನನ್ನು ಮರೆತರು. ಸ್ವಲ್ಪ ಹೊತ್ತಿನ ಮೇಲೆ ಬಾಯಿಯವರಿಗೆ ನೆನಪಾಗಿ, "ಹೊರಗ ಬೇವಿನ ಗಿಡದ ಕೆಳಗ ಹೆಣ್ಮಕ್ಕಳು ಕುಂತಾರ, ನೀ ಅವ್ರ ಜೋಡಿ ಕುಂತು ಬಾ. ನನ್ನ ಬಾಯಿಂದ ಕೇಳೋದಕ್ಕಿಂತ ಅಲ್ಲಿ ಹೆಚ್ಚಿಗಿ ತಿಳೀತೈತಿ" ಎಂದರು. ಈ ಕೆಲಸ ಎಂಥದ್ದೆಂದು ಒಂದೇ ಮಾತಿನಲ್ಲಿ ಬರೆಯಬೇಕೆಂದರೆ ನನಗೆ ಇಂದಿಗೂ ನೆನಪಾಗುವುದು ಆ ಮಾತೇ, ಅದೂ ನನ್ನದಲ್ಲ.

ಮಧ್ಯಾಹ್ನದ ಬಿಡುವಿನ ಹೊತ್ತು. ತಲೆಯ ಮೇಲೆ, ಹುಬ್ಬಿನ ಮೇಲೆ ಅರಳೆಯ ಎಳೆ ಅಂಟಿಸಿಕೊಂಡು ಹೆಂಗಸರೆಲ್ಲ ಒಂದೇ ವಯಸ್ಸಿನ ಮುದುಕಿಯರಂತೆ ಕಾಣುತ್ತಿದ್ದರು. ನಾನು ಒಂದು ಬದಿಗೆ ಕೂತೆ. ಮಲ್ಲವ್ವ ಎಂಬಾಕೆ ಏನೂ ಕೇಳದೆ ತನ್ನ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ ರೊಟ್ಟಿಯ ಗಂಟು ಬಿಚ್ಚಿದಳು. ಇನ್ನೊಬ್ಬಾಕೆ ಕೆಟಲಿಯಿಂದ ಬೆಲ್ಲದ ಚಹಾ ಬಶಿತಟ್ಟೆಗೆ ಸುರಿದು ನನ್ನ ಮುಂದೆ ಹಿಡಿದಳು. ಅತ್ತೆಯ ಮಾತು ನೆನಪಾಯಿತು, ಆಗಲಿಲ್ಲವೆಂದಲ್ಲ. ಆದರೆ ಬೇಡ ಎನ್ನಬೇಕಾದರೆ ಮಾತಾಡಬೇಕು. ಬೇಡ ಎಂದರೆ ಯಾಕೆ ಎನ್ನುತ್ತಾರೆ, ಅದಕ್ಕೆ ಮತ್ತೆ ಮಾತಾಡಬೇಕು. ಕುಡಿಯುವುದು ಹಗುರಾಗಿತ್ತು. ಕುಡಿದೆ.

ಅವರು ತಮ್ಮ ತಮ್ಮಲ್ಲೇ ಮಾತಾಡುತ್ತಿದ್ದರು. ಮಲ್ಲವ್ವನ ಕೂಸು ನನ್ನ ತೊಡೆಯ ಮೇಲೆ ಕೆಂಡದಂತೆ ಸುಡುತ್ತಿತ್ತು. ಹೀಗಿರುವಾಗ ಯಾಕೆ ಕರೆತಂದೆ ಎಂದು ಯಾರೋ ಕೇಳಿದರು. ಭರಾಟೆಯ ಹಂಗಾಮು, ಒಂದು ದಿನ ತಪ್ಪಿದರೆ ಮರುದಿನ ಗೇಟಿನಲ್ಲೇ ಹಿಂದಕ್ಕೆ ಕಳಿಸುತ್ತಾರೆ, ಕೂಲಿಯವರ ಮೇಲಿನ ಮುಕಾದಮನಿಗೆ ಹೇಳಲು ಹೆದರಿಕೆ, ಬಾಯಾರಿಗೆ ಹೇಳಲು ಇನ್ನೂ ಹೆದರಿಕೆ ಎಂದಳು ಅವಳು. ನನಗೆ ಎದ್ದು ಹೋಗಬೇಕೆನಿಸಿತ್ತು. ಆದರೆ ಕೂಸು ನಿದ್ದೆ ಹೋಗಿತ್ತು. ಅದನ್ನು ಹಿಂದೆ ಕೊಡಬೇಕಾದರೂ ಮಾತಾಡಬೇಕಿತ್ತು.

ಅಷ್ಟರಲ್ಲಿ ಕುಡಿಯುವ ನೀರಿನ ಹರವಿ ನೋಡಬೇಕೆಂದು ಅತ್ತೆ ಬಾಯಿಯವರನ್ನು ಎಬ್ಬಿಸಿಕೊಂಡು ಬಂದಳು. ಹರವಿಯ ಮುಚ್ಚಳ ತೆಗೆದು ನೋಡಿ, ಮುಚ್ಚಿ, ತಿರುಗಿದಾಗ ನನ್ನ ಕೈಯಲ್ಲಿದ್ದ ಬಶಿ ಕಂಡಿತು. ಅವಳ ಕಾಲು ಅಲ್ಲೇ ನಿಂತವು.

"ಕುಡದಿ?"

ನಾನು ಬಶಿಯನ್ನು ಬೆನ್ನ ಹಿಂದೆ ಸರಿಸಿದೆ. ಅತ್ತೆ ಬಾಯಿಯವರ ಕಡೆ ತಿರುಗಿ ಕೈಜೋಡಿಸಿದಳು. "ಮುಗೀತ್ರಿ ಬಾಯಾರ. ಹುಡುಗಿ ನಿಮ್ಮ ಸಿಹಿ ಬಾಯಿಗೆ ಇಟ್ಟಾಳ. ಇನ್ನ ನಮ್ಮದೇನೂ ಮಾತಿಲ್ಲ, ಹುಡುಗಿ ನಿಮ್ಮಾಕಿ."

ಬಾಯಿಯವರು ಕನ್ನಡಕ ತೆಗೆದು, "ನಾನು ಇನ್ನೂ ಕೊಡ್ತೇನಿ ಅಂದ ಇಲ್ಲಲ್ರೀ" ಎಂದರು.

"ನೀವು ಅನ್ನಲಿಲ್ಲ ಖರೆ. ನಿಮ್ಮ ಮಂದಿ ಚಾ ಕೊಟ್ಟಾರ."

ಹೆಂಗಸರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಬಾಯಿಯವರು ನಗಲಿಲ್ಲ. ನನ್ನೆದುರು ಮಣ್ಣಿನಲ್ಲೇ ಕುಕ್ಕರುಗಾಲಲ್ಲಿ ಕೂತು, ಇಷ್ಟು ಹೊತ್ತು ಏನು ತಿಳಿಯಿತು ಎಂದು ಮೆಲ್ಲಗೆ ಕೇಳಿದರು. ಅವರ ಮುಖ ನೋಡಿದ್ದರೆ ನಾನು ಹೇಳುತ್ತಿರಲಿಲ್ಲ. ಕೂಸಿನ ಮುಖ ನೋಡುತ್ತ ಹೇಳಿದೆ. ಇದಕ್ಕೆ ಜ್ವರ, ತಾಯಿಗೆ ಹೇಳಲು ಹೆದರಿಕೆ ಎಂದು. ಅವರು ಕೂಸಿನ ಹಣೆ ಮುಟ್ಟಿ ನೋಡಿ, ಎದ್ದು, ಮುಕಾದಮನನ್ನು ಕರೆದು, ಮಲ್ಲವ್ವ ಕೂಸು ನೆಟ್ಟಗಾಗುವ ತನಕ ಮನೆಯಲ್ಲಿರಲಿ, ಅವಳ ಜಾಗದಲ್ಲಿ ಬೇರೆಯವರನ್ನು ತೆಗೆದುಕೊಳ್ಳಬಾರದು ಎಂದು ಎಲ್ಲರ ಮುಂದೆ ಹೇಳಿದರು. ಆಮೇಲೆ ಅತ್ತೆಗೆ, "ವರ್ಷಗಟ್ಟಲೆ ಇಲ್ಲೇ ಅದೇನಿ, ನನ್ನ ಮುಂದ ಇವ್ರು ಹಿಂಗ ಮಾತಾಡೂದಿಲ್ಲ. ಸೋಮವಾರ ಕಳಸ್ರಿ. ಈ ಹಂಗಾಮ ಮುಗಿಯೂತನಕ ನೋಡೂಣು" ಎಂದರು.

ನನ್ನಲ್ಲಿ ತಾಳ್ಮೆ ಇದೆ, ಕೇಳುವ ಗುಣವಿದೆ ಎಂದು ಅವರು ತಿಳಿದರು. ನನ್ನಲ್ಲಿದ್ದದ್ದು ಎದ್ದುಹೋಗಲೂ ಬಾರದ ನಾಚಿಕೆ. ಅವರು ಕಡೆಯತನಕ ಹಾಗೇ ತಿಳಿದಿದ್ದರು, ನಾನೂ ತಿದ್ದಲು ಹೋಗಲಿಲ್ಲ. ತಿದ್ದಬೇಕಾದರೆ ಮಾತಾಡಬೇಕಿತ್ತಲ್ಲ.

ಅತ್ತೆ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಸಕ್ಕರೆ ಇತ್ತು. ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದಳು, ನನಗೆ ಹೇಳಿರಲಿಲ್ಲ. ಬಾಯಿಯವರ ಕೈಗೆ ಒಂದು ಚಿಟಿಕೆ ಹಾಕಿದಳು, ಹೆಂಗಸರಿಗೆಲ್ಲ ಹಾಕಿದಳು. ಮಕ್ಕಳೇ, ಗಂಡ ತೀರಿದ ಹೆಂಗಸು ಸಕ್ಕರೆ ಹಂಚುವ ಕಾಲ ಅಲ್ಲ ಅದು. ಯಾರದೇ ನಿಶ್ಚಯವಾದರೂ ನಾವಿಬ್ಬರೂ ಹಿತ್ತಲ ಬಾಗಿಲ ಹತ್ತಿರ ನಿಲ್ಲುವವರು. ತಾನು ಕೂಡಿಸಿದ ಬೀಗತನದಲ್ಲೂ ಅತ್ತೆ ಸಕ್ಕರೆಯ ತಟ್ಟೆ ಮುಟ್ಟುತ್ತಿರಲಿಲ್ಲ. ಅಂಥವಳು ಆ ಬೇವಿನ ಗಿಡದ ಕೆಳಗೆ ನನ್ನ ಗದ್ದ ಹಿಡಿದು, ಬಾಯಿ ತೆಗೆ ಎಂದು, ಉಳಿದ ಸಕ್ಕರೆಯನ್ನೆಲ್ಲ ನನ್ನ ಬಾಯಿಗೆ ಸುರಿದಳು. ನನಗೆ ಅಳು ಬಂತು. ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ಅಳುವುದು ಬಹಳ ಕಷ್ಟ.

ಅಮಾವಾಸ್ಯೆ ಕಳೆದು ಅಣ್ಣ ಬಂದ. ಅತ್ತೆ ಅವನಿಗೆ ನೀರು ಕೊಟ್ಟು, "ನಿನ್ನ ತಂಗೀ ಮಾತು ಕೂಡೇತಿ. ಸಕ್ರಿ ಹಂಚೇವಿ" ಎಂದಳು. ಅಣ್ಣನ ಮುಖದ ಬಣ್ಣ ಹೋಯಿತು. ಯಾರ ಜೊತೆ ಎಂದು ಕೇಳುವಷ್ಟು ಧೈರ್ಯ ಅವನಿಗೆ ಬರಲು ಬಹಳ ಹೊತ್ತು ಹಿಡಿಯಿತು. ಹತ್ತಿಯ ಕಾರ್ಖಾನೆಯ ಜೊತೆ ಎಂದು ತಿಳಿದಾಗ ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ ಬೇಡ ಎನ್ನುವುದನ್ನೇ ಮರೆತ. ನೆನಪಾದಾಗ ತಡವಾಗಿತ್ತು. ಸಕ್ಕರೆ ಹಂಚಿದ ಮಾತು ಮುರಿಯುವ ಮನೆತನ ಅವನದೂ ಆಗಿರಲಿಲ್ಲ. ಸೋಮವಾರ ನನ್ನನ್ನು ಬಸ್ಸು ಹತ್ತಿಸಿ, ಬಾಗೇವಾಡಿಯಲ್ಲಿ ಇಳಿಸು ಎಂದು ಕಂಡಕ್ಟರನಿಗೆ ಹೇಳಿದವನೂ ಅವನೇ.

ಆ ಹಂಗಾಮು ಮುಗಿಯಿತು, ಇನ್ನೊಂದು ಬಂತು, ಹಾಗೇ ನಿಮ್ಮಪ್ಪ ದೊಡ್ಡವನಾದ. ಸುಶೀಲಾಬಾಯಿಯವರು ಎಷ್ಟೋ ಕಲಿಸಿದರು. ಹೆಂಗಸರು ಕೆಲಸ ಬಿಡುವ ಮೊದಲೇ ಅವರು ಬಿಡುತ್ತಾರೆಂದು ಹೇಗೆ ತಿಳಿಯಬೇಕು, ಮಾಲಕರ ಸಿಟ್ಟನ್ನು ಊಟದ ಮೊದಲು ಕೆಣಕಬಾರದು, ಇಂಥವು. ಅತ್ತೆ ಇರುವ ತನಕ ಸಂಜೆ ಹೊಸ್ತಿಲಲ್ಲಿ ಕೂತು, ಇವತ್ತು ಯಾರು ಬೈದರು ಎಂದು ಕೇಳುತ್ತಿದ್ದಳು. ಇಬ್ಬರೂ ಎಂದರೆ ಹಿಗ್ಗುತ್ತಿದ್ದಳು. ಅತ್ತೆಯ, ಸುಶೀಲಾಬಾಯಿಯವರ ಋಣ ನನ್ನ ಮೇಲಿದೆ, ನಿಮ್ಮ ಮೇಲೂ ಇದೆ.

ಶಿವಲೀಲಾ, ನಿನ್ನ ಮೊಬೈಲಿನಲ್ಲಿ ಇರುವ ನನ್ನ ಒಂದು ಮಾತನ್ನು ಅಳಿಸಬೇಡ. ಆ ಕಾರ್ಖಾನೆಯಲ್ಲಿ ಯಾರೇ ಅಳುತ್ತ ಬರಲಿ, ಜಗಳ ಹೊತ್ತು ಬರಲಿ, ನಾನು ಆಡಿದ್ದು ಅದೊಂದೇ ಮಾತು. ಚಾ ಕುಡೀತಿಯೇನ? ಉಳಿದದ್ದನ್ನು ಅವರೇ ಆಡುತ್ತಿದ್ದರು. ಆ ದೀಪಾವಳಿಯಲ್ಲಿ ನಾನು ನನ್ನ ನೌಕರಿಯ ಗುಟ್ಟನ್ನೆಲ್ಲ ಹೇಳಿದ್ದೆ, ನೀನು ಬೇಡ ಎಂದು ಎದ್ದುಹೋದೆ. ಕುಡಿದಿದ್ದರೆ ಈ ಮುದುಕಿಗೆ ಇಷ್ಟು ಹಾಳೆ ಬರೆಯುವ ಕಷ್ಟ ತಪ್ಪುತ್ತಿತ್ತು.

ಬರೆದಿದ್ದಂತೂ ಆಯಿತು. ಇವನ್ನು ಜೋಳದ ಡಬ್ಬಿಯಲ್ಲಿ ಇಡಬೇಡಿ, ನುಸಿ ಬೀಳುತ್ತದೆ. ಅಟ್ಟದ ಮೇಲೆ ಬೇಡ, ಇಲಿ ಇವೆ. ಅತ್ತೆಯ ತಗಡಿನ ಟ್ರಂಕಿನಲ್ಲಿ, ಅವಳ ಇಳಕಲ್ ಸೀರೆಯ ಮಡಿಕೆಯೊಳಗೆ ಇಡಿ. ನೀವು ಮೂವರೂ ಇರುವ ತನಕ ಅಲ್ಲಿಂದ ಕದಲದಿರಲಿ. ಮೊದಲ ಹಾಳೆಯ ಮೂಲೆಯಲ್ಲಿ ಬಶಿಯ ಗುರುತು ಬಿದ್ದಿದೆ, ನೋಡಿ ಬೈಯಬೇಡಿ. ನನಗೆ ಸಹಿ ಮಾಡುವ ರೂಢಿ ಇಲ್ಲ.