ಇಂಗೆಫೇರದ ತಾಯಿಮನೆ

ಮೂಲವನ್ನು ಅರಿಯುವ ಹಂಬಲವೇ ಮನುಷ್ಯನನ್ನು ಪ್ರಾಣಿಗಳಿಂದ ಬೇರ್ಪಡಿಸುತ್ತದೆ. ನನ್ನ ಮಾಮನನ್ನು ಅದು ಮನುಷ್ಯರಿಂದಲೂ ಬೇರ್ಪಡಿಸಿತ್ತು!

ಊರಿನಲ್ಲಿ ಅವರು ಮದುವೆ ಸಂಬಂಧ ಕುದುರಿಸುವವರು. ವರನ ತಾಯಿಮನೆ, ಅವನ ಅಜ್ಜಿಯ ತಾಯಿಮನೆ ಎಲ್ಲ ವಿಚಾರಿಸಿಯಾಗದೆ ಆ ಮನೆಯ ಶರಬತ್ತನ್ನೂ ಮುಟ್ಟುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ರಿಯಾದಿಗೆ ಬಂದು ಕಟ್ಟಡ ಕಂಪನಿಯೊಂದರ ಸ್ಟೋರ್ ಸೇರಿದರು. ಗಂಡಸರೇ ತುಂಬಿದ ಕ್ಯಾಂಪಿನಲ್ಲಿ ಯಾರಿಗೆ ಯಾರನ್ನು ಕುದುರಿಸುವುದು? ಪದಗಳ ಮನೆತನ ವಿಚಾರಿಸತೊಡಗಿದರು! ನಮ್ಮ 'ಚಾವಿ' ಪೋರ್ಚುಗೀಸರ ಮನೆಮಗಳೆಂದು ತಿಳಿದ ದಿನ ಸ್ಟೋರಿನ ಬೀಗವನ್ನೇ ಅನುಮಾನದಿಂದ ನೋಡಿದರು.

ಅಷ್ಟರಲ್ಲಿ ಅವರ ಮಗಳಿಗೇ ನಿಕಾಹ್ ನಿಶ್ಚಯವಾಯಿತು. "ಉಪ್ಪಾ, ನೀವು ಬಾರದೆ ನಾನು ಒಪ್ಪುವುದಿಲ್ಲ" ಎಂದು ಅವಳು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸಿದಳು. ರಜೆ ಕೊಡಬೇಕಾದವನು ಸ್ವೀಡನ್ನಿನ ಮ್ಯಾನೇಜರ್. ಆ ವರ್ಷ ಯಾರಿಗೂ ರಜೆಯಿಲ್ಲವೆಂದು ಸಾರಿದವನೂ ಅವನೇ.

"ಹೋಗಿ ಕೇಳಿ ಮಾಮ" ಎಂದೆ. ನಾನೂ ಅದೇ ಕಂಪನಿಯಲ್ಲಿದ್ದೆ.

"ಎಂತ ಮಾರಾಯ, ಅವನ ಕುಟುಂಬ ಗೊತ್ತಿಲ್ಲದೆ ಹೇಗೆ ಕೇಳುವುದು?"

ಮ್ಯಾನೇಜರಿಗೆ ಶೀತವಾದಾಗ ಬಲವಂತವಾಗಿ ಮಾಮನ ಕೈಗೆ ಶುಂಠಿ ಚಹಾ ಕೊಟ್ಟು ಕರೆದೊಯ್ದೆ, ದುಭಾಷಿಯೂ ನಾನೇ. ಮ್ಯಾನೇಜರ್ ಒಂದು ಗುಟುಕು ಕುಡಿದು "ಇಂಗೆಫೇರ!" ಎಂದ. ಅವರಲ್ಲಿ ಶುಂಠಿಗೆ ಹಾಗೆನ್ನುತ್ತಾರಂತೆ.

ಮಾಮನಿಗೆ ರಜೆ ಮರೆತೇಹೋಯಿತು!

"ಕೇಳು ಮಾರಾಯ, ಇದರ ತಾಯಿಮನೆ ಎಲ್ಲಿ?"

ಯಾವ ಮ್ಯಾನೇಜರಿಗೆ ಇಂಥ ಪ್ರಶ್ನೆ ಬಂದೀತು? ಆದರೆ ಇವನ ತಂದೆ ಭಾಷೆಯ ಮೇಷ್ಟರು. ಮೂಗೊರೆಸಿಕೊಂಡು ಗಂಭೀರನಾದ. "ನಮಗೆ ಜರ್ಮನರಿಂದ ಬಂತು. ಅವರಿಗೆ ಲ್ಯಾಟಿನ್ನಿನಿಂದ, ಅದಕ್ಕೆ ಗ್ರೀಕರಿಂದ."

"ಗ್ರೀಕರಿಗೆ?"

"ಹಡಗು ಹತ್ತಿ, ನಿಮ್ಮ ದಕ್ಷಿಣದ ಕಡೆಯಿಂದ. ಪದದ ಕೊನೆಯ ತುಂಡಿಗೆ ಬೇರು ಎಂದು ಅರ್ಥವಂತೆ."

ಮಾಮ ಕಣ್ಣು ಮುಚ್ಚಿದರು. ನಮ್ಮ ಮನೆಮಾತು ಬ್ಯಾರಿಯಲ್ಲಿ ಹಸಿಶುಂಠಿ 'ಇಂಜಿ'.

"ಇಂಜಿ... ಬೇರ್... ಯಾ ಅಲ್ಲಾಹ್! ನಮ್ಮ ಅಡುಗೆಮನೆಯದ್ದೇ ಅಲ್ವನಾ!"

ತನ್ನ ತಾಯಿ ಕ್ರಿಸ್‌ಮಸ್ ಬಿಸ್ಕತ್ತಿಗೆ ಅದನ್ನು ತಪ್ಪದೆ ಹಾಕುತ್ತಾಳೆಂದು ಮ್ಯಾನೇಜರ್ ಹೇಳಿದ. ಹಿಮ ಬೀಳುವ ದೇಶದ ಬಿಸ್ಕತ್ತಿನಲ್ಲಿ ನಮ್ಮಜ್ಜಿಯ ಮಾತು! ಹೊರಗೆ ಸುಡುವ ಬಿಸಿಲು. ಒಳಗೆ ಮೂವರೂ ಆ ಲೋಟವನ್ನೇ ನೋಡುತ್ತ ಕುಳಿತೆವು.

ಮಾಮ ಮೆಲ್ಲಗೆ ಹೇಳಿದರು: "ಪಾಪ, ಈ ಪದ ಎಷ್ಟು ದೂರ ಬಂದುಬಿಟ್ಟಿದೆ. ತಾಯಿಮನೆಗೆ ಒಮ್ಮೆಯೂ ಹೋಗಿರಲಿಕ್ಕಿಲ್ಲ."

ಅದನ್ನು ಅನುವಾದಿಸಿದೆ. ಮಗಳ ನಿಕಾಹಿನ ವಿಷಯವನ್ನು ನಾನೇ ಸೇರಿಸಿದೆ.

ಮ್ಯಾನೇಜರ್ ಚಹಾ ಮುಗಿಸಿದ. ರಜೆ ಮಂಜೂರಾಯಿತು. ನಿಕಾಹಿನ ಮುನ್ನಾದಿನ ಮಾಮ ಊರು ಮುಟ್ಟಿದರು.