ಟ್ಯೂರಿನ್‌ನಲ್ಲಿ ಗೆಲುವು, ದುಬೈಯಲ್ಲಿ ಸೊಂಟನೋವು

ಇಟಲಿಯ ಫುಟ್‌ಬಾಲ್ ಲೀಗನ್ನು ಯಾರೇ ಗೆಲ್ಲಲಿ, ದುಬೈಯಲ್ಲಿ ನೋಯುವುದು ನನ್ನ ಸೊಂಟ. ಇದು ಎಂದೋ ಒಮ್ಮೆ ಆದದ್ದಲ್ಲ. ಪ್ರತಿ ವರ್ಷ, ಸೂಪರ್‌ಮಾರ್ಕೆಟಿಗೆ ಮಾವಿನಹಣ್ಣಿನ ಪೆಟ್ಟಿಗೆ ಬರುವ ಹೊತ್ತಿಗೆ ಸರಿಯಾಗಿ ಆಗುತ್ತದೆ. ಡಾಕ್ಟರಿಗೆ ಹೇಳಿದೆ. ಅವರು ಮಾತ್ರೆ ಬರೆದುಕೊಟ್ಟು, ಇನ್ನು ಮೇಲೆ ಕ್ರಿಕೆಟ್ ನೋಡಿ ಎಂದರು.

ಅಳತೆ

ನಾನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಪೇಂಟ್ ಕಾರ್ಖಾನೆಯ ಖರೀದಿ ವಿಭಾಗದವನು. ಮನೆಯೂ ಅಲ್ಲೇ. ಎದುರು ಫ್ಲ್ಯಾಟಿನಲ್ಲಿ ಪುತ್ತೂರು ಕಡೆಯ ಟೈಲ್ಸ್ ವ್ಯಾಪಾರಿ ಇದ್ದಾರೆ. ಇಡೀ ಕಟ್ಟಡಕ್ಕೆ ಅವರು ಹಾಜಿಯವರು. ಮೇಲಿನ ಮಹಡಿಯಲ್ಲಿ ಮಂಗಳೂರಿನ ಕೊಂಕಣಿ ಕ್ರೈಸ್ತರೊಬ್ಬರು, ದೊಡ್ಡ ಹೋಟೆಲೊಂದರ ಅಡುಗೆಮನೆಯ ಸೂಪರ್‌ವೈಸರ್. ನಮ್ಮ ಕಡೆಯ ರೂಢಿಯಂತೆ ಅವರನ್ನು ಪೊರ್ಬುಗಳು ಎನ್ನುತ್ತೇವೆ.

2010ರ ಬೇಸಿಗೆಯಲ್ಲಿ ಪೊರ್ಬುಗಳ ಹೋಟೆಲಿನ ಇಟಾಲಿಯನ್ ಬಾಣಸಿಗ ಕೆಲಸ ಬಿಟ್ಟು ಊರಿಗೆ ಹೊರಟ. ಪೊರ್ಬುಗಳು ಅವನ ಜೊತೆ ನನ್ನನ್ನೂ ಹಾಜಿಯವರನ್ನೂ ಮನೆಗೆ ಕರೆದು ಬಂಗುಡೆ ಮೀನಿನ ಖಾರದ ಗಸಿ ಬಡಿಸಿದರು. ಅವನ ಕಣ್ಣಲ್ಲಿ ನೀರು ಬಂತು. ಬೀಳ್ಕೊಡುಗೆಯ ದುಃಖ ಎಂದು ಪೊರ್ಬುಗಳು ಇಂದಿಗೂ ನಂಬಿದ್ದಾರೆ. ಊಟ ಮುಗಿಸಿ ಅವನು ಚೀಲದಿಂದ ಮೂರು ಹಳೆಯ ಜೆರ್ಸಿ ತೆಗೆದ. ಸೂಟ್‌ಕೇಸಿನಲ್ಲಿ ಜಾಗವಿಲ್ಲ, ನೀವು ಇಟ್ಟುಕೊಳ್ಳಿ ಎಂದ. ಯಾರಿಗೆ ಯಾವುದು ಎಂಬ ಪ್ರಶ್ನೆಗೆ ಅವನ ಉತ್ತರ ಸರಳವಾಗಿತ್ತು: "ಅಂಗಿ ಯಾರ ಮೈಗೆ ಸರಿಯಾಗುತ್ತದೋ ತಂಡ ಅವರದು. ಸರಿಯಾಗುವವರೆಗೆ ಅವರದು."

ಹೀಗೆ ನಮ್ಮ ನಿಷ್ಠೆ ಹೊಟ್ಟೆಯ ಸುತ್ತಳತೆಯಿಂದ ನಿರ್ಧಾರವಾಯಿತು. ಎಂ ಸೈಜಿನ ನನಗೆ ಮಿಲಾನ್ ನಗರದ ಕೆಂಪು-ಕಪ್ಪು ತಂಡ. ಎಕ್ಸೆಲ್ ಹಾಜಿಯವರಿಗೆ ಟ್ಯೂರಿನ್‌ನ ಕಪ್ಪು-ಬಿಳಿ ಪಟ್ಟೆ. ಸಣಕಲು ಪೊರ್ಬುಗಳಿಗೆ ಜಿನೋವಾದ ಕೆಂಪು-ನೀಲಿ. ಆಗ ಟ್ಯೂರಿನ್ ತಂಡ ಏಳನೇ ಸ್ಥಾನಕ್ಕೆ ಬಿದ್ದಿತ್ತು. ಪಾಪ ಹಾಜಿಯವರು ಎಂದುಕೊಂಡು ನಾನು ಅವರಿಗೆ ಇನ್ನೊಂದು ಬಂಗುಡೆ ಹಾಕಿಸಿದೆ.

ಪೊರ್ಬುಗಳಿಗೆ ಮಾತ್ರ ಹೆಮ್ಮೆ. "ನಮ್ಮದು ಒಂಬತ್ತು ಸಲ ಚಾಂಪಿಯನ್ ಆದ ತಂಡವಂತೆ. ಇನ್ನೊಂದು ಗೆದ್ದರೆ ಹತ್ತು. ಹತ್ತಾದರೆ ಜೆರ್ಸಿಯ ಮೇಲೆ ಒಂದು ನಕ್ಷತ್ರ."

"ಒಂಬತ್ತನೆಯದು ಗೆದ್ದದ್ದು ಯಾವಾಗ?" ಎಂದರು ಹಾಜಿಯವರು.

ಪೊರ್ಬುಗಳು ಬಾಣಸಿಗನನ್ನು ಕೇಳಿದರು. ಅವನು ಹೇಳಿದ: "1924."

ಹಾಜಿಯವರು ಪೊರ್ಬುಗಳ ಬೆನ್ನು ತಟ್ಟಿದರು. "ಹತ್ತಿರ ಬಂದಿದೆ, ಬಿಡಿ."

ಖುರ್ಚಿ

ಮರುವರ್ಷವೇ ನನ್ನ ತಂಡ ಗೆದ್ದಿತು, ಅದರ ಹದಿನೆಂಟನೇ ಚಾಂಪಿಯನ್‌ಶಿಪ್. ಮೊದಲ ಪ್ರಯತ್ನದಲ್ಲೇ ಪಾಸಾದವನ ಹಾಗೆ ನಾನು ಇಡೀ ಮಹಡಿಗೆ ಮೈಸೂರುಪಾಕು ಹಂಚಿದೆ. ಪಂದ್ಯಗಳನ್ನು ನೋಡುತ್ತಿದ್ದದ್ದು ಹಾಜಿಯವರ ಮನೆಯಲ್ಲಿ. ಅಲ್ಲಿದ್ದದ್ದು ದೊಡ್ಡ ಟಿವಿ ಮತ್ತು ಮೂರು ಪ್ಲಾಸ್ಟಿಕ್ ಸ್ಟೂಲು. ಚಾಂಪಿಯನ್ ಆದ ನಾನು ಆ ವರ್ಷವಿಡೀ ಸ್ಟೂಲಿನ ಮೇಲೆ ಕುಳಿತೆ. ಎಲ್ಲರೂ ಸ್ಟೂಲಿನ ಮೇಲಿದ್ದುದರಿಂದ ನೋವು ಗೊತ್ತಾಗಲಿಲ್ಲ.

2012ರಲ್ಲಿ ಟ್ಯೂರಿನ್ ತಂಡ ಇಡೀ ಲೀಗಿನಲ್ಲಿ ಒಂದು ಪಂದ್ಯವನ್ನೂ ಸೋಲದೆ ಗೆದ್ದಿತು. ಅದೇ ವಾರ, ಗಲ್ಫ್ ಬಿಟ್ಟು ಊರಿಗೆ ಹೊರಟಿದ್ದ ಯಾವುದೋ ಕುಟುಂಬ ಮನೆಯ ಸಾಮಾನು ಮಾರಾಟಕ್ಕಿದೆ ಎಂದು ಗ್ರೋಸರಿಯ ಬಾಗಿಲಿಗೆ ಚೀಟಿ ಅಂಟಿಸಿತು. ಹಾಜಿಯವರು ಹೋಗಿ ಒಂದು ಖುರ್ಚಿ ತಂದರು. ಕಂದು ಬಣ್ಣದ ಚರ್ಮ, ತೋಳಿನಷ್ಟು ದಪ್ಪದ ಕೈಗಳು, ಪಕ್ಕದ ಹಿಡಿ ಎಳೆದರೆ ಬೆನ್ನು ಹಿಂದಕ್ಕೆ, ಕಾಲು ಮೇಲಕ್ಕೆ. ಅದನ್ನು ಎಸಿಯ ಗಾಳಿ ನೇರ ಬೀಳುವಲ್ಲಿ ಇಟ್ಟು ಅವರು ಕಾನೂನು ಘೋಷಿಸಿದರು: "ಚಾಂಪಿಯನ್ ಆದವರಿಗೆ ಖುರ್ಚಿ. ಮುಂದಿನ ಚಾಂಪಿಯನ್ ಬರುವವರೆಗೆ. ಬೇರೆ ಯಾರೂ ಅದರ ಮೇಲೆ ಕೂರುವ ಹಾಗಿಲ್ಲ."

ನಾನು ವಿನಯದಿಂದ ಕೇಳಿದೆ. "ಹೋದ ವರ್ಷ ಗೆದ್ದದ್ದು ನಾನಲ್ಲವೇ? ಆ ಬಾಕಿ?"

"ಹೋದ ವರ್ಷ ಖುರ್ಚಿಯೇ ಇರಲಿಲ್ಲವಲ್ಲ ಮಾರಾಯ್ರೆ. ಆ ಸ್ಟೂಲು ಬೇಕಾದರೆ ಪರ್ಮನೆಂಟಾಗಿ ಇಟ್ಟುಕೊಳ್ಳಿ."

ಎರಡು ಕಿತ್ತುಕೊಂಡದ್ದು

ಖುರ್ಚಿಯ ಬೆನ್ನಿಗೆ ಹಾಜಿಯವರು ಮೂರು ಬಂಗಾರದ ನಕ್ಷತ್ರ ಅಂಟಿಸಿದರು. ಹತ್ತಕ್ಕೊಂದರಂತೆ ಮೂವತ್ತು ಚಾಂಪಿಯನ್‌ಶಿಪ್ ಆಯಿತಂತೆ. ನಾನು ಆಫೀಸಿನ ಕಂಪ್ಯೂಟರಿನಲ್ಲಿ ಇಟಲಿಯ ಲೀಗಿನ ಇತಿಹಾಸವನ್ನು ಮೊದಲಿನಿಂದ ಓದಿ ನೋಡಿದೆ. ಮಕ್ಕಳ ಶಾಲೆಯ ಪಾಠವನ್ನೂ ನಾನು ಇಷ್ಟು ಶ್ರದ್ಧೆಯಿಂದ ಓದಿಲ್ಲ. ಅಧಿಕೃತವಾಗಿ ಇಪ್ಪತ್ತೆಂಟೇ. ಎರಡನ್ನು ಅಲ್ಲಿನ ಫುಟ್‌ಬಾಲ್ ಮಂಡಳಿ 2006ರಲ್ಲಿ ಹಗರಣವೊಂದಕ್ಕೆ ಶಿಕ್ಷೆಯಾಗಿ ವಾಪಸ್ ಪಡೆದಿತ್ತು. ಸಂಜೆ ಚಪ್ಪಲಿಯನ್ನೂ ಬಿಡದೆ ಅವರ ಮನೆಗೆ ನುಗ್ಗಿ ಹೇಳಿದೆ: "ಹಾಜಿಯವರೇ, ಒಂದು ನಕ್ಷತ್ರ ಕೀಳಬೇಕು."

ಅವರು ಶಾಂತವಾಗಿ ಕೇಳಿಸಿಕೊಂಡರು. "ಮೊನ್ನೆ ಅಬುಧಾಬಿಗೆ ಹೋಗುವಾಗ ಸ್ಪೀಡಿಗೆ ರಾಡಾರ್ ನನ್ನ ಫೋಟೋ ಹೊಡೆಯಿತು, ಹೌದಾ?"

"ಹೌದು."

"ಫೈನ್ ಕಟ್ಟಿದೆ, ಹೌದಾ?"

"ಹೌದು."

"ಹಾಗಾದರೆ ನಾನು ಅಬುಧಾಬಿಗೆ ಹೋಗಲೇ ಇಲ್ಲವಾ?"

ಅಕ್ಕಿಯ ಊರು

ಹಾಜಿಯವರು ಪ್ರತಿ ವರ್ಷ ಗೆಲ್ಲುತ್ತಲೇ ಹೋದರು. ಅವರಿಗೆ ಆಫ್‌ಸೈಡ್ ಎಂದರೇನೆಂದು ತಿಳಿಯದು. ಗೋಲ್‌ಕೀಪರ್ ಮಾತ್ರ ಏಕೆ ಕೈಯಲ್ಲಿ ಮುಟ್ಟುತ್ತಾನೆಂದು ಎರಡನೇ ವರ್ಷದವರೆಗೂ ಕೇಳುತ್ತಿದ್ದರು. ಆದರೆ ಖುರ್ಚಿಯಲ್ಲಿ ಕುಳಿತುಕೊಳ್ಳುವ ಕಲೆ ಅವರಿಗೆ ಸಿದ್ಧಿಸಿತ್ತು. ಮೊದಲು ಒಂದು ದಿಂಬು ಇಡುವುದು, ಆಮೇಲೆ ಇನ್ನೊಂದು. ನಿಧಾನವಾಗಿ ಇಳಿದು, ಹಿಂದಕ್ಕೆ ಒರಗಿ, ಕಣ್ಣು ಮುಚ್ಚಿ "ಆಹಾ" ಎನ್ನುವುದು. ಆ ಒಂದು "ಆಹಾ" ಕೇಳಿದರೆ ನನಗೆ ಅವರ ಹೆಂಡತಿ ಕೊಟ್ಟ ಸುಲೈಮಾನಿ ಚಹಾ ಕಹಿಯಾಗುತ್ತಿತ್ತು. ಖುರ್ಚಿಯ ಸುತ್ತ ಯಾವುದೋ ತೈಲದ ಪರಿಮಳವೂ ಇರುತ್ತಿತ್ತು. ದುಬಾರಿ ಚರ್ಮಕ್ಕೆ ಅಂಥ ವಾಸನೆ ಇರುತ್ತದೆ ಎಂದುಕೊಂಡಿದ್ದೆ.

ಇತಿಹಾಸದಲ್ಲಿ ಇನ್ನಷ್ಟು ಅಗೆದಾಗ ನನಗೆ ಒಂದು ನಿಧಿ ಸಿಕ್ಕಿತು. ಟ್ಯೂರಿನ್ ಮತ್ತು ಮಿಲಾನ್ ನಡುವೆ ವೆರ್ಚೆಲ್ಲಿ ಎಂಬ ಸಣ್ಣ ಪಟ್ಟಣವಿದೆ. ಅಕ್ಕಿ ಬೆಳೆಯುವ ಊರು. ಅಲ್ಲಿನ ತಂಡ ಒಂದು ಕಾಲದಲ್ಲಿ ಏಳು ಸಲ ಚಾಂಪಿಯನ್. ಈಗ ಮೇಲಿನ ಲೀಗಿನಲ್ಲಿ ಅದರ ಸುದ್ದಿಯೇ ಇಲ್ಲ. ಒಂದು ಶುಕ್ರವಾರ ಪಂದ್ಯದ ವಿರಾಮದಲ್ಲಿ ಇದನ್ನು ಗಂಭೀರವಾಗಿ ವಿವರಿಸಿ, ಮೇಲೇರಿದವರು ಇಳಿಯಲೇಬೇಕು ಎಂದು ಮುಗಿಸಿದೆ.

ಹಾಜಿಯವರು ಯೋಚಿಸಿದರು. "ಪಾಪ, ನಮ್ಮ ಹಾಗೆ ಅನ್ನ ತಿನ್ನುವವರು. ಇಷ್ಟು ಕೆಳಗೆ ಬರಲು ಅವರಿಗೆ ಎಷ್ಟು ಸಮಯ ಬೇಕಾಯಿತು?"

"ಹತ್ತಿರ ಹತ್ತಿರ ನೂರು ವರ್ಷ."

ಅವರು ಪಕ್ಕದ ಹಿಡಿ ಎಳೆದರು. ಕಾಲು ಮೇಲೆ ಬಂತು. "ಹಾಗಾದರೆ ಮಲಗಿಯೇ ಕಾಯುತ್ತೇನೆ."

ಆಕಾಶನೀಲಿ

2018ರಲ್ಲಿ ನೇಪಲ್ಸ್ ತಂಡ ಟ್ಯೂರಿನ್‌ಗೆ ಹೋಗಿ, ಪಂದ್ಯ ಮುಗಿಯುವ ಹೊತ್ತಿಗೆ ಗೋಲು ಹೊಡೆದು ಗೆದ್ದಿತು. ಈಗ ಅಂತರ ಒಂದೇ ಅಂಕ. ಹಾಜಿಯವರ ಮುಖ ಮೊದಲ ಬಾರಿಗೆ ಬಾಡಿತು. ನಾನು ಮರುದಿನವೇ ಮಾಲ್‌ಗೆ ಹೋಗಿ ನೇಪಲ್ಸಿನ ಆಕಾಶನೀಲಿ ಜೆರ್ಸಿ ಕೇಳಿದೆ. "ಎಂ ಸೈಜ್" ಎಂದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಎಕ್ಸೆಲ್ ಕೊಟ್ಟ. ಆರು ವರ್ಷ ಬೇರೆಯವರ ಗೆಲುವಿಗೆಂದು ಅವರ ಮನೆಯಲ್ಲಿ ಬಿರಿಯಾನಿ ತಿಂದದ್ದು ಎಲ್ಲಿಗೆ ಹೋಗುತ್ತದೆ?

ಮುಂದಿನ ಭಾನುವಾರ ಅದನ್ನು ಶರ್ಟಿನ ಒಳಗೆ ಹಾಕಿಕೊಂಡು ಹೊರಟೆ. ಬಾಗಿಲಲ್ಲಿ ಮಗಳು ತಡೆದಳು. "ಅಪ್ಪಾ, ವಾಟ್ ಈಸ್ ದಟ್ ಬ್ಲೂ ಥಿಂಗ್?"

"ಬನಿಯನ್."

"ಯು ಆರ್ ಸೋ ಜೆಲಸ್, ಅಪ್ಪಾ."

ನೇಪಲ್ಸ್ ಆ ಸಂಜೆ ಫ್ಲಾರೆನ್ಸ್‌ನಲ್ಲಿ ಮೂರು ಗೋಲು ತಿಂದು ಸೋತಿತು. ನನಗೆ ಬೆವರು ಕಿತ್ತುಕೊಂಡು ಬಂತು. ಹಾಜಿಯವರ ಹೆಂಡತಿ, "ಶರ್ಟಿನ ಗುಂಡಿ ತೆಗೆಯಿರಿ, ಗಾಳಿ ಆಡಲಿ" ಎಂದರು. ನಾನು ಬೇಡ ಎಂದೆ. ಹಾಜಿಯವರು ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು: "ಅವರಿಗೆ ಒತ್ತಾಯ ಮಾಡಬೇಡ. ಒಳಗೆ ನೇಪಲ್ಸ್ ಉಂಟು."

ಪಟ್ಟಾಭಿಷೇಕ

ಆ ವರ್ಷದ ಕೊನೆಗೆ ಹಾಜಿಯವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಡಾಕ್ಟರು ಅನ್ನ ನಿಲ್ಲಿಸಿ ನಡೆಸಿದರು. ಹಾಜಿಯವರು ದಿನಾ ಸಂಜೆ ಕಟ್ಟಡಕ್ಕೆ ಸುತ್ತು ಹಾಕಿ ಹಾಕಿ ಅರ್ಧವಾದರು. 2019ರ ಏಪ್ರಿಲಿನಲ್ಲಿ ಟ್ಯೂರಿನ್ ತಂಡ ಸತತ ಎಂಟನೇ ಸಲ ಗೆದ್ದ ಸಂಜೆ, ಕಪ್ಪು-ಬಿಳಿ ಜೆರ್ಸಿ ಅವರ ಮೈಮೇಲೆ ಕಿಟಕಿಯ ಪರದೆಯಂತೆ ತೂಗಾಡುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಬಾಣಸಿಗನ ಮಾತು ನನಗೆ ನೆನಪಾಯಿತು.

"ಪೊರ್ಬುಗಳೇ," ಎಂದೆ. "ಅಂಗಿ ಮೈಗೆ ಸರಿಯಾಗುವವರೆಗೆ ಮಾತ್ರ ತಂಡ ಅವರದು ಎಂದಲ್ಲವೇ ಆ ಪುಣ್ಯಾತ್ಮ ಹೇಳಿದ್ದು?"

ಪೊರ್ಬುಗಳು ನ್ಯಾಯವಂತರು. "ಹಾಗೆಯೇ ಹೇಳಿದ್ದು."

ನಾನು ವಾದಕ್ಕೆ ಸಿದ್ಧನಾಗಿಯೇ ಇದ್ದೆ. ಹಾಜಿಯವರು ವಾದಿಸಲಿಲ್ಲ. ಒಳಗೆ ಹೋಗಿ ಜೆರ್ಸಿ ಕಳಚಿ ತಂದು ನನ್ನ ಕೈಗಿಟ್ಟರು. ಇಷ್ಟು ಬೇಗ ಸೋಲೊಪ್ಪಿದ್ದಕ್ಕೆ ನನಗೆ ಸ್ವಲ್ಪ ಬೇಸರವೇ ಆಯಿತು. ಹಾಕಿಕೊಂಡೆ. ನನಗಾಗಿಯೇ ಹೊಲಿಸಿದಂತೆ ಕೂತಿತು. ಮನೆಯಿಂದ ತರಿಸಿದ ನನ್ನ ಕೆಂಪು-ಕಪ್ಪು ಎಂ ಅವರಿಗೆ ಸರಿಯಾಯಿತು. ಅವರು ಅದನ್ನು ತೊಟ್ಟು, ಹೋಗಿ ನನ್ನ ಸ್ಟೂಲಿನ ಮೇಲೆ ಕುಳಿತರು, ನೆಟ್ಟಗೆ, ಬಹಳ ಸಮಾಧಾನದಿಂದ.

ನಾನು ಖುರ್ಚಿಗೆ ಒಂದು ಸುತ್ತು ಬಂದು, ದಿಂಬುಗಳನ್ನು ಪಕ್ಕಕ್ಕೆಸೆದು, ಏಳು ವರ್ಷದ ಆಸೆಯನ್ನೆಲ್ಲ ಒಟ್ಟು ಸೇರಿಸಿ ಕುಳಿತೆ.

ಕೆಳಗಿನಿಂದ ಏನೋ ಒಂದು ನನ್ನ ಸೊಂಟಕ್ಕೆ ತಿವಿಯಿತು.

ಹಾಜಿಯವರು ಸ್ಟೂಲನ್ನು ಹತ್ತಿರ ಎಳೆದುಕೊಂಡು ಪಿಸುಗುಟ್ಟಿದರು: "ಸ್ವಲ್ಪ ಎಡಕ್ಕೆ ವಾಲಿ. ಸ್ಪ್ರಿಂಗ್ ಬಲಕ್ಕೆ ಉಂಟು."

"ಯಾವಾಗಿನಿಂದ?" ನಾನೂ ಪಿಸುಗುಟ್ಟಿದೆ.

"ಎರಡನೇ ಚಾಂಪಿಯನ್‌ಶಿಪ್‌ನಿಂದ. ನೋವಿನ ಎಣ್ಣೆ ಟಿವಿಯ ಹಿಂದೆ ಇಟ್ಟಿದ್ದೇನೆ, ತೆಗೆದುಕೊಳ್ಳಿ."

"ಇಷ್ಟು ವರ್ಷ ಇದರ ಮೇಲೆ ಯಾಕೆ ಕೂತಿರಿ?"

"ಏಳಬೇಕೆಂದು ಎಷ್ಟೋ ಸಲ ಅನಿಸಿತು ಮಾರಾಯ್ರೆ. ನೀವು ಈ ಸ್ಟೂಲಿನಿಂದ ನನ್ನನ್ನು ನೋಡುತ್ತಿದ್ದಿರಲ್ಲ, ಅದನ್ನು ಬಿಟ್ಟು ಏಳಲು ಮನಸ್ಸು ಬರಲಿಲ್ಲ."

ಎದ್ದುಬಿಡೋಣವೆಂದು ಖುರ್ಚಿಯ ಕೈ ಹಿಡಿದೆ. ಆಗ ಎದುರಿನ ಸ್ಟೂಲಿನ ಮೇಲೆ ಪೊರ್ಬುಗಳು ಕಂಡರು. ಕೈಯಲ್ಲಿ ಆರಿದ ಸುಲೈಮಾನಿ, ಮುಖದಲ್ಲಿ 1924ರಿಂದ ಏನೂ ಗೆಲ್ಲದ ಮನುಷ್ಯನ ನೋಟ. ಅವರು ಖುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಖುರ್ಚಿಯನ್ನು ನೋಡಿದರು.

"ಹೇಗುಂಟು?" ಎಂದರು.

ನಾನು ಹಿಂದಕ್ಕೆ ಒರಗಿ, ಕಣ್ಣು ಮುಚ್ಚಿ, "ಆಹಾ" ಎಂದೆ.